ಮರಿ ಹಾರಿದ ಮೇಲೆ ಗೂಡುಪೆಟ್ಟಿಗೆ: ಯಾವಾಗ ತೆರೆಯಬೇಕು, ಹೇಗೆ ತೊಳೆಯಬೇಕು

ಮೈಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ ನಾಲ್ಕು ಗೂಡುಪೆಟ್ಟಿಗೆಗಳಿವೆ. ಎರಡರಲ್ಲಿ ಗುಬ್ಬಚ್ಚಿಗಳ ಸಂಸಾರ. ನುಗ್ಗೆಮರದ ಪಕ್ಕದ ಗೋಡೆಯಲ್ಲಿರುವುದು ಮಡಿವಾಳ ಹಕ್ಕಿಯದು. ಮಾವಿನ ಮರದ್ದನ್ನು ಗುಬ್ಬಚ್ಚಿಗಿಂತ ಚಿಕ್ಕದಾದ ಚೇಕಡಿ ಹಕ್ಕಿಗೆಂದು ಕಟ್ಟಿದ್ದೆ. ಅದು ಒಂದು ವರ್ಷ ಬಂದರೆ ಇನ್ನೊಂದು ವರ್ಷ ಬರುವುದಿಲ್ಲ. ಪೆಟ್ಟಿಗೆ ಕಟ್ಟುವ ಉತ್ಸಾಹಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನ ಬಂತೆಂದರೆ ಶಾಲೆಗಳಲ್ಲಿ, ಬಡಾವಣೆಗಳಲ್ಲಿ ಪೆಟ್ಟಿಗೆ ಹಂಚುತ್ತಾರೆ, ಫೋಟೊ ತೆಗೆಯುತ್ತಾರೆ. ಮರಿ ಹಾರಿಹೋದ ಮೇಲೆ ಒಳಗೆ ಉಳಿಯುವ ಕಸವನ್ನು ಏನು ಮಾಡಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ.

ನಾನೂ ಮೊದಲ ಮೂರು ವರ್ಷ ಮುಚ್ಚಳ ತೆಗೆದವನಲ್ಲ. ನಾಲ್ಕನೆಯ ವರ್ಷ ತೆಗೆದರೆ ಒಳಗೆ ಮೂರಂತಸ್ತಿನ ಮನೆ! ಹಳೆಯ ಗೂಡಿನ ಮೇಲೆ ಹೊಸದು, ಅದರ ಮೇಲೆ ಮತ್ತೊಂದು. ಬರಿಗೈ ಹಾಕಿದ್ದೇ ತಡ, ಮೊಣಕೈವರೆಗೆ ನುಸಿ ಹತ್ತಿತು. ಅಂದು ರಾತ್ರಿಯಿಡೀ ತುರಿಸಿಕೊಂಡು ಕಲಿತದ್ದನ್ನೂ ಆಮೇಲೆ ವರ್ಷ ವರ್ಷ ತಿದ್ದಿಕೊಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ತೊಳೆಯಲೇಬೇಕೆ?

ಕಾಡಿನ ಮರದ ಪೊಟರೆಯನ್ನು ಯಾರು ತೊಳೆಯುತ್ತಾರೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಪೊಟರೆಯೊಳಗಿನ ಹುಲ್ಲು ಕೊಳೆತು ಮಣ್ಣಾಗುತ್ತದೆ, ಹುಳುಗಳು ಅದನ್ನು ತಿಂದು ಮುಗಿಸುತ್ತವೆ, ಹಕ್ಕಿಗೆ ಒಂದು ಪೊಟರೆ ಬೇಡವಾದರೆ ಇನ್ನೊಂದಿರುತ್ತದೆ. ನಮ್ಮ ಬಡಾವಣೆಯ ಹಕ್ಕಿಗೆ ಆ ಸೌಕರ್ಯವಿಲ್ಲ. ಹಳೆಯ ಗೂಡಿರುವ ಪೆಟ್ಟಿಗೆಯನ್ನು ಹಕ್ಕಿಗಳು ಬಯಸುತ್ತವೆಯೋ ದೂರವಿಡುತ್ತವೆಯೋ ಎಂದು ನೋಡಿದ ಪ್ರಯೋಗಗಳೂ ಜಾತಿಗೊಂದರಂತೆ ಬೇರೆ ಬೇರೆ ಫಲ ಕೊಟ್ಟಿವೆ. ಆದ್ದರಿಂದ ಇದನ್ನು ಮಡಿಯ ವಿಷಯವೆಂದುಕೊಳ್ಳಬೇಡಿ.

ನಾನು ತೊಳೆಯುವುದಕ್ಕೆ ಕಾರಣ ಎರಡು. ಒಂದು ಎತ್ತರ. ಹಳೆಯ ಗೂಡಿನ ಮೇಲೆ ಹೊಸದು ಕಟ್ಟಿದಂತೆಲ್ಲ ಮೊಟ್ಟೆ ತೂತಿನ ಮಟ್ಟಕ್ಕೆ ಏರುತ್ತದೆ. ಆಗ ಬೆಕ್ಕಿನ ಪಂಜಕ್ಕೂ ಕಾಗೆ, ಕೆಂಬೂತಗಳ ಕೊಕ್ಕಿಗೂ ಅದು ಸುಲಭವಾಗಿ ಎಟುಕುತ್ತದೆ. ತೂತಿನಿಂದ ತಳಕ್ಕೆ ಕನಿಷ್ಠ ಒಂದು ಗೇಣು ಆಳ ಉಳಿದಿರಬೇಕು. ಇನ್ನೊಂದು ಕಾರಣ ರಕ್ತ ಹೀರುವ ನುಸಿ. ಹಗಲು ಹಲಗೆಯ ಸಂದಿಯಲ್ಲಿ ಅಡಗಿದ್ದು ರಾತ್ರಿ ಮರಿಗಳ ಮೈಗೆ ಹತ್ತುವ ಜಾತಿಗಳಿವೆ. ಅವುಗಳಲ್ಲಿ ಕೆಲವು ಆಹಾರವಿಲ್ಲದೆಯೂ ತಿಂಗಳುಗಟ್ಟಲೆ ಬದುಕಿ ಮುಂದಿನ ಬಾಣಂತನಕ್ಕೆ ಕಾದಿರಬಲ್ಲವು. ಗೂಡು ಕಿಟಕಿಯ ಪಕ್ಕದಲ್ಲಿದ್ದು ಹಕ್ಕಿಗಳು ಹೊರಟುಹೋದರೆ ಅವು ನಮ್ಮ ಹಾಸಿಗೆಗೂ ಬರುತ್ತವೆ.

ಕ್ಯಾಲೆಂಡರನ್ನು ನಂಬಬೇಡಿ

ಈ ವಿಷಯ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಬಹುಪಾಲು ಬ್ರಿಟನ್ನಿನವು. ಅಲ್ಲಿ ವಸಂತದಲ್ಲಿ ಮರಿ, ಶರತ್ಕಾಲಕ್ಕೆ ಎಲ್ಲ ಖಾಲಿ. ಇಂಗ್ಲೆಂಡಿನಲ್ಲಿ ಒಡೆಯದೆ ಉಳಿದ ಮೊಟ್ಟೆಯನ್ನು ತೆಗೆಯಲು ಸೆಪ್ಟೆಂಬರಿನಿಂದ ಜನವರಿವರೆಗೆ ಮಾತ್ರ ಕಾನೂನಿನ ಅನುಮತಿಯಿದೆ. ಅದನ್ನೇ ಇಲ್ಲಿ ಪಾಲಿಸಿದರೆ ಮೊಟ್ಟೆ ಇಟ್ಟಿರುವ ಹಕ್ಕಿಯ ಮನೆಯನ್ನೇ ಕೆಡವಬೇಕಾಗುತ್ತದೆ, ಏಕೆಂದರೆ ನಮ್ಮ ಹಕ್ಕಿಗಳ ಪಂಚಾಂಗ ಬೇರೆ.

ಮಡಿವಾಳ ಹಕ್ಕಿಯದು ಸುಲಭ. ಮಾರ್ಚಿನಲ್ಲಿ ಹಾಡು ಶುರುವಾದರೆ ಜುಲೈ ಹೊತ್ತಿಗೆ ಸಂಸಾರ ಮುಗಿದಿರುತ್ತದೆ. ಗೊರವಂಕದ್ದು ಏಪ್ರಿಲ್‌ನಿಂದ ಆಗಸ್ಟ್. ಚೇಕಡಿ ಹಕ್ಕಿ ದಕ್ಷಿಣದಲ್ಲಿ ಫೆಬ್ರುವರಿಯಿಂದ ಮೇವರೆಗೆ ಮರಿ ಮಾಡಿ, ಕೆಲವೊಮ್ಮೆ ಸೆಪ್ಟೆಂಬರ್ ಬಳಿಕ ಮತ್ತೆ ಮಾಡುತ್ತದೆ. ಹಾಲಕ್ಕಿ ಎಂಬ ಪುಟ್ಟ ಗೂಬೆಯದು ಉಲ್ಟಾ ಲೆಕ್ಕ: ನವೆಂಬರಿನಿಂದ ಏಪ್ರಿಲ್. ಗುಬ್ಬಚ್ಚಿಗಂತೂ ಋತುವೇ ಇಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಮೊಟ್ಟೆ ಇದ್ದೀತು. ಒಂದು ತಂಡ ಹಾರಿದ ವಾರ ಹದಿನೈದು ದಿನದೊಳಗೆ ಅದೇ ಗೂಡಿನಲ್ಲಿ ಮುಂದಿನ ಮೊಟ್ಟೆ ಇಡುವುದುಂಟು.

ಹೀಗಾಗಿ ತಿಂಗಳು ನೋಡಿ ಪೆಟ್ಟಿಗೆ ತೆರೆಯುವಂತಿಲ್ಲ, ಪೆಟ್ಟಿಗೆ ನೋಡಿಯೇ ತೆರೆಯಬೇಕು. ಮಡಿವಾಳದ ಪೆಟ್ಟಿಗೆಗೆ ನಾನು ಇಟ್ಟುಕೊಂಡಿರುವ ಗಡುವು ನವರಾತ್ರಿಗೆ ಮೊದಲು ಮನೆಯ ಧೂಳು ಹೊಡೆಯುವ ವಾರ. ಏಣಿ ಹೇಗೂ ಅಟ್ಟದಿಂದ ಇಳಿದಿರುತ್ತದೆ. ಮಲೆನಾಡು, ಕರಾವಳಿಯವರು ಮಳೆ ಪೂರ್ತಿ ಬಿಡುವ ತನಕ, ದೀಪಾವಳಿಯ ಆಸುಪಾಸಿನವರೆಗೆ ಕಾಯುವುದು ಒಳ್ಳೆಯದು; ತೊಳೆದ ಹಲಗೆ ಒಣಗಲು ಬಿಸಿಲೇ ಇರದಿದ್ದರೆ ಬೂಸ್ಟು ಹಿಡಿದು ಕೆಲಸವೆಲ್ಲ ವ್ಯರ್ಥ.

ಖಾಲಿ ಎಂದು ಗೊತ್ತಾಗುವುದು ಹೇಗೆ

ಇದಕ್ಕೆ ಸಮಯ ಕೊಡಿ. ತೊಳೆಯುವ ಕೆಲಸ ಒಂದು ಗಂಟೆಯದು, ನೋಡುವ ಕೆಲಸ ಎರಡು ವಾರದ್ದು.

ದಿನಕ್ಕೆ ಎರಡು ಸಲ, ಬೆಳಗ್ಗೆ ಏಳರ ಆಸುಪಾಸಿನಲ್ಲಿ ಮತ್ತು ಸಂಜೆ ಹೊತ್ತು ಇಳಿಯುವಾಗ, ದೂರದಿಂದ ಹತ್ತು ಹದಿನೈದು ನಿಮಿಷ ಪೆಟ್ಟಿಗೆಯ ಮೇಲೆ ಕಣ್ಣಿಡಿ. ಕೊಕ್ಕಿನಲ್ಲಿ ಹುಳು ಹಿಡಿದ ಹಕ್ಕಿ ಒಳಗೆ ಹೋದರೆ ಮರಿಗಳಿವೆ. ಬಿಳಿಯ ಪುಟ್ಟ ಗಂಟಿನಂಥದನ್ನು ಕಚ್ಚಿಕೊಂಡು ಹೊರಗೆ ಬಂದರೆ ಅದು ಮರಿಗಳ ಹಿಕ್ಕೆ, ಆಗಲೂ ಮರಿಗಳಿವೆ. ಹುಲ್ಲು, ಪುಕ್ಕ ಒಯ್ದರೆ ಹೊಸ ಮೊಟ್ಟೆಯ ತಯಾರಿ ನಡೆದಿದೆ. ಏನೂ ಕಾಣದಿದ್ದರೆ ‘ಖಾಲಿ’ ಎಂದು ತೀರ್ಮಾನಿಸಬೇಡಿ, ಕಾವಿಗೆ ಕುಳಿತ ಹೆಣ್ಣು ಬಹಳ ಹೊತ್ತು ಹೊರಗೆ ಬರುವುದೇ ಇಲ್ಲ. ಗುಬ್ಬಚ್ಚಿ ಮೊಟ್ಟೆ ಒಡೆಯಲು ಹನ್ನೊಂದರಿಂದ ಹದಿನಾಲ್ಕು ದಿನ, ಮರಿ ಹಾರಲು ಮತ್ತೆ ಎರಡು ವಾರ. ಎರಡು ವಾರದ ಕಾವಲಿನಲ್ಲಿ ಇವುಗಳಲ್ಲಿ ಯಾವುದಾದರೊಂದು ಸುಳಿವು ಸಿಕ್ಕೇ ಸಿಗುತ್ತದೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದ ಉಪಾಯವೆಂದರೆ ಒಂದು ಒಣ ಹುಲ್ಲುಕಡ್ಡಿ. ತೂತಿಗೆ ಅಡ್ಡಲಾಗಿ, ಹಕ್ಕಿ ಸೋಕಿದರೆ ಬೀಳುವಷ್ಟು ಸಡಿಲವಾಗಿ ಸಿಕ್ಕಿಸುವುದು. ಸತತವಾಗಿ ಮೂರು ದಿನ ಅದು ಇದ್ದಲ್ಲೇ ಇದ್ದರೆ ಯಾರೂ ಓಡಾಡಿಲ್ಲವೆಂದು ಲೆಕ್ಕ. ಬಳಿಕ ಮೊಬೈಲನ್ನು ತೂತಿನ ಬಳಿ ಹಿಡಿದು ಒಂದೇ ಒಂದು ಚಿತ್ರ ತೆಗೆದು ನೋಡಿ. ಫ್ಲ್ಯಾಶ್ ಹಾಕಿ ಮತ್ತೆ ಮತ್ತೆ ತೆಗೆಯುವುದು ಬೇಡ.

ತೆರೆದ ಮೇಲೂ ಮೊಟ್ಟೆ ಕಂಡರೆ ಕೂಡಲೇ ಮುಚ್ಚಿಬಿಡಿ. ಗುಬ್ಬಚ್ಚಿಯದು ಮಾಸಲು ಬಿಳಿಯ ಮೇಲೆ ಬೂದು ಕಂದು ಚುಕ್ಕೆ, ಚೇಕಡಿಯದು ಬಿಳಿಯ ಮೇಲೆ ಕೆಂಪು ಚುಕ್ಕೆ, ಮಡಿವಾಳದ್ದು ತಿಳಿ ನೀಲಿ ಹಸಿರಿನ ಮೇಲೆ ಕಂದು ಕಲೆ, ಗೊರವಂಕದ್ದು ಕಲೆಯಿಲ್ಲದ ನೀಲಿ, ಹಾಲಕ್ಕಿಯದು ದುಂಡನೆಯ ಅಚ್ಚ ಬಿಳಿ. ತಣ್ಣಗಿದೆಯೆಂದು ಅದನ್ನು ಕೆಟ್ಟ ಮೊಟ್ಟೆಯೆಂದು ತೀರ್ಮಾನಿಸುವಂತಿಲ್ಲ. ದಿನಕ್ಕೊಂದರಂತೆ ಇಡುವ ಹಕ್ಕಿ ಎಲ್ಲವನ್ನೂ ಇಟ್ಟು ಮುಗಿಸುವ ತನಕ ಸರಿಯಾಗಿ ಕಾವಿಗೆ ಕೂರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ಗೆ ಕೊಡುವ ಅರ್ಥದೊಳಗೆ ಹಕ್ಕಿಯ ಮೊಟ್ಟೆಯನ್ನು ಹಾಳುಮಾಡುವುದು, ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದೂ ಸೇರಿದೆ. ಪೆಟ್ಟಿಗೆ ನಮ್ಮದೇ ಇರಬಹುದು, ಒಳಗಿನ ಗೂಡು ನಮ್ಮದಲ್ಲ. ಸಂಶಯವಿದ್ದರೆ ಒಂದು ತಿಂಗಳು ಬಿಟ್ಟು ನೋಡಿ, ಏನೂ ಮುಳುಗಿಹೋಗುವುದಿಲ್ಲ.

ಬೇರೆ ಬಾಡಿಗೆದಾರರು

ಹಕ್ಕಿ ಹೋದ ಮೇಲೆ ಪೆಟ್ಟಿಗೆ ಸುಮ್ಮನೆ ಖಾಲಿ ಬಿದ್ದಿರುತ್ತದೆಂದು ತಿಳಿಯಬೇಡಿ. ಮುಚ್ಚಳ ತೆಗೆಯುವ ಮುನ್ನ ಪಕ್ಕದ ಹಲಗೆಯನ್ನು ಕೋಲಿನಿಂದ ಮೆಲ್ಲಗೆ ತಟ್ಟಿ, ತೂತಿನ ಎದುರಿನಿಂದ ಸರಿದು ನಿಂತು ಒಂದು ನಿಮಿಷ ಕಾಯಿರಿ. ಗುಂಯ್‌ಗುಟ್ಟಿದರೆ ಹಿಂದಕ್ಕೆ ಬನ್ನಿ. ಕಣಜವಾದರೆ ಅದರ ಗೂಡು ತಾನಾಗಿ ಖಾಲಿಯಾಗುವ ತನಕ ಬಿಡಿ. ಮಕ್ಕಳು ಓಡಾಡುವ ಜಾಗದಲ್ಲಿದ್ದರೆ ಗೊತ್ತಿರುವವರನ್ನು ಕರೆಸಿ. ತೂತಿಗೆ ಮೇಣದ ಸಣ್ಣ ಕೊಳವೆ ಕಟ್ಟಿ, ಸಾಸಿವೆಗಿಂತ ತುಸು ದೊಡ್ಡ ಕಪ್ಪು ಹುಳುಗಳು ಓಡಾಡುತ್ತಿದ್ದರೆ ಅದು ಮಿಸ್ರಿ ಜೇನು. ಅದಕ್ಕೆ ಕೊಂಡಿಯಿಲ್ಲ, ತೋಟಕ್ಕೆ ಉಪಕಾರಿ. ಪೆಟ್ಟಿಗೆಯನ್ನು ಅದಕ್ಕೇ ಬಿಟ್ಟುಕೊಟ್ಟು ಹಕ್ಕಿಗೆ ಇನ್ನೊಂದು ಮಾಡಿಸಿ ಎಂಬುದು ನನ್ನ ಸಲಹೆ.

ತೆಂಗಿನ ನಾರು, ಹತ್ತಿ, ಚಿಂದಿ ಬಟ್ಟೆ ಎಲ್ಲ ಸೇರಿ ಮುದ್ದೆಯಾಗಿದ್ದರೆ ಅಳಿಲಿನದು. ಒಳಗೆ ಮರಿಗಳಿರಬಹುದು, ಬೆರಳು ಹಾಕಬೇಡಿ. ಮೂಲೆಯಲ್ಲಿ ಗೋಲಿಯಂಥ ಬಿಳಿ ಮೊಟ್ಟೆ ಎರಡು ಅಂಟಿಕೊಂಡಿದ್ದರೆ ಹಲ್ಲಿಯದು. ಅದನ್ನು ಕೀಳಲು ಹೋದರೆ ಒಡೆಯುತ್ತದೆ, ಅದರ ಸುತ್ತಲೇ ತೊಳೆದರಾಯಿತು. ಜರಿ, ಚೇಳು ಹಲಗೆಯ ಸಂದಿಯಲ್ಲಿರುತ್ತವೆ. ತೋಟದ ಮನೆಯಾದರೆ ಹಾವನ್ನೂ ಮರೆಯಬೇಡಿ, ಅದಕ್ಕಾಗಿಯೇ ಮೊದಲು ಕೋಲು, ಆಮೇಲೆ ಕೈ.

ಸಾಮಾನು ಮತ್ತು ಹೊತ್ತು

ಬಿಸಿಲಿರುವ ದಿನ, ಬೆಳಗ್ಗೆ ಹತ್ತರ ಮೇಲೆ ಕೆಲಸಕ್ಕೆ ಇಳಿಯಿರಿ. ಮುಸ್ಸಂಜೆಗೆ ಹೋದರೆ ರಾತ್ರಿ ತಂಗಲು ಬಂದ ಹಕ್ಕಿಯನ್ನು ಓಡಿಸಿದಂತಾಗುತ್ತದೆ.

ಬೇಕಾದದ್ದು ಹೆಚ್ಚೇನಿಲ್ಲ: ಸ್ಕ್ರೂಡ್ರೈವರ್, ಬಣ್ಣ ಬಳಿಯುವವರು ಪುಟ್ಟಿ ತುಂಬಲು ಬಳಸುವ ತಗಡಿನ ಪಟ್ಟಿ, ಹಳೆಯ ಹಲ್ಲುಜ್ಜುವ ಬ್ರಷ್, ಪಾತ್ರೆ ತಿಕ್ಕುವ ತೆಂಗಿನ ನಾರು, ನೀರು ಚಿಮುಕಿಸುವ ಬಾಟಲಿ, ಬಾಯಿ ಕಟ್ಟಬಹುದಾದ ದಪ್ಪ ಚೀಲ, ಒಂದು ದೊಡ್ಡ ಪಾತ್ರೆ ಕುದಿಯುವ ನೀರು. ಮೈಗೆ ಉದ್ದ ತೋಳಿನ ಅಂಗಿ, ರಬ್ಬರ್ ಕೈಗವಸು, ಕನ್ನಡಕ, ಎನ್-95 ಮಾಸ್ಕ್. ಕೊರೊನಾ ಕಾಲದ ಮಾಸ್ಕ್ ಎಲ್ಲರ ಮನೆಯ ಕಪಾಟಿನಲ್ಲೂ ಉಳಿದಿರುತ್ತದೆ, ಅದಕ್ಕೊಂದು ಕೆಲಸ ಸಿಕ್ಕಿತು. ಇದು ಅತಿಯಾದ ಎಚ್ಚರವಲ್ಲ. ಒಣಗಿದ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಆಗದ ಶಿಲೀಂಧ್ರ, ಸೂಕ್ಷ್ಮಜೀವಿಗಳಿರುತ್ತವೆ. ಉಬ್ಬಸ ಇರುವವರು ಈ ಕೆಲಸವನ್ನು ಇನ್ನೊಬ್ಬರಿಗೆ ವಹಿಸಲಿ.

ಏಣಿಯ ಬುಡ ಹಿಡಿಯಲು ಒಬ್ಬರಿರಲೇಬೇಕು. ನಾನು ಒಂಟಿಯಾಗಿ ಹತ್ತಲು ಹೊರಟಾಗಲೆಲ್ಲ ನನ್ನ ಹೆಂಡತಿ, “ಏಣಿ ಹಿಡಿಯುವವರು ಯಾರು ಅಂತ ಮೊದಲು ಹೇಳಿ, ಆಮೇಲೆ ನಿಮ್ಮ ಹಕ್ಕಿಯ ವಿಷಯ” ಎನ್ನುತ್ತಾಳೆ. ಅವಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದಷ್ಟೂ ಪೆಟ್ಟಿಗೆಯನ್ನು ಮೊಳೆಯಿಂದ ಬಿಡಿಸಿ ಕೆಳಗೆ ತನ್ನಿ. ಏಣಿಯ ಮೇಲೆ ನಿಂತು ಕುದಿಯುವ ನೀರು ಸುರಿಯುವ ಸಾಹಸ ಬೇಡ. ತರುವಾಗ ತೂತಿಗೆ ಬಟ್ಟೆಯೊಂದನ್ನು ತುರುಕಿದರೆ ಕಸ ಕಣ್ಣಿಗೆ ಬೀಳುವುದಿಲ್ಲ.

ಗೂಡು ತೆಗೆಯುವುದು

ಪೆಟ್ಟಿಗೆಯನ್ನು ಮನೆಯೊಳಗೆ ಒಯ್ಯಬೇಡಿ, ಜಗುಲಿಯ ಮೇಲೂ ಬೇಡ. ಹಿತ್ತಿಲಲ್ಲಿ ಹಳೆಯ ಪತ್ರಿಕೆ ಹಾಸಿ ಇಡಿ. ಮುಚ್ಚಳ ತೆರೆದೊಡನೆ ಗೂಡಿನ ಮೇಲೆ ಚೆನ್ನಾಗಿ ನೀರು ಚಿಮುಕಿಸಿ ಐದು ನಿಮಿಷ ಬಿಡಿ. ಒದ್ದೆಯಾದರೆ ಧೂಳೇಳುವುದಿಲ್ಲ, ನುಸಿಯ ಓಟವೂ ನಿಧಾನವಾಗುತ್ತದೆ. ಆಮೇಲೆ ತಗಡಿನ ಪಟ್ಟಿಯನ್ನು ಗೋಡೆಗೂ ಗೂಡಿಗೂ ನಡುವೆ ತೂರಿಸಿ ಸುತ್ತಲೂ ಬಿಡಿಸಿಕೊಂಡರೆ ಇಡೀ ಗೂಡು ದೋಸೆ ಎದ್ದಂತೆ ಏಳುತ್ತದೆ. ಪುಡಿ ಮಾಡಿ ಕೆರೆಯುವುದಕ್ಕಿಂತ ಹೀಗೆ ಇಡಿಯಾಗಿ ತೆಗೆಯುವುದು ಮೇಲು.

ಚೀಲಕ್ಕೆ ಹಾಕುವ ಮುನ್ನ ಒಂದು ಕ್ಷಣ ಅದನ್ನು ನೋಡಿ. ಒಳಗೆ ಯಾರಿದ್ದರೆಂದು ಗೂಡೇ ಹೇಳುತ್ತದೆ. ಹುಲ್ಲು, ಬೇರು, ಕೂದಲು ಸೇರಿದ ಚಪ್ಪಟೆ ಬಟ್ಟಲು ಮಡಿವಾಳದ್ದು. ಪಾಚಿಯ ಮೇಲೆ ಕೂದಲು, ತುಪ್ಪಳ ಹಾಸಿ ಕಂಬಳಿಯ ತುಂಡಿನಂತೆ ಒತ್ತಿದ್ದರೆ ಚೇಕಡಿ. ಕಡ್ಡಿ, ಕಾಗದ, ಪ್ಲಾಸ್ಟಿಕ್, ಜೊತೆಗೆ ಹಾವಿನ ಪೊರೆಯೂ ಇದ್ದರೆ ಗೊರವಂಕ. ಗುಬ್ಬಚ್ಚಿಗೆ ಶಿಸ್ತೇ ಇಲ್ಲ: ಕಡ್ಡಿಪೊರಕೆಯ ತುಂಡು, ಹೂಕಟ್ಟುವ ದಾರ, ಕೋಳಿಪುಕ್ಕ, ಹೊಲಿಗೆ ನೂಲು. ಕೊಲ್ಕತ್ತದ ಗುಬ್ಬಚ್ಚಿಗಳು ಗೂಡಿಗೆ ಬೇವಿನೆಲೆ ತರುವುದನ್ನು ಗಮನಿಸಿ 1981ರಲ್ಲೇ ಪ್ರಕಟಿಸಿದ್ದಾರೆ. ನನ್ನ ಪೆಟ್ಟಿಗೆಗಳಲ್ಲಿ ನನಗಿನ್ನೂ ಸಿಕ್ಕಿಲ್ಲ.

ಮುಖ್ಯವಾಗಿ ದಾರಗಳನ್ನು ಹುಡುಕಿ. ನೈಲಾನ್ ಎಳೆ, ಆಷಾಢದ ಗಾಳಿಪಟದ ಹುರಿಗೊಳಿಸಿದ ದಾರ ಮರಿಗಳ ಕಾಲಿಗೆ ಸುತ್ತಿಕೊಂಡು ಅವು ಗೂಡಿನಲ್ಲೇ ಸಾಯುತ್ತವೆ. ಅಂಥದ್ದು ಸಿಕ್ಕರೆ ಅದು ನಿಮ್ಮ ಅಂಗಳದಲ್ಲೂ ಬಿದ್ದಿದೆ ಎಂದರ್ಥ, ಹೆಕ್ಕಿ ತೆಗೆಯಿರಿ.

ತಿಂಗಳು ಕಾದರೂ ಒಡೆಯದೆ ಉಳಿದ ಹಳೆಯ ಮೊಟ್ಟೆಯೋ ಒಣಗಿದ ಮರಿಯೋ ಇದ್ದರೆ ಗುಂಡಿ ತೋಡಿ ಹೂತುಬಿಡಿ, ಕಪಾಟಿನಲ್ಲಿಡಲು ಒಳಗೆ ತರಬೇಡಿ. ಒಂದೇ ಸಮಯಕ್ಕೆ ತೋಟದಲ್ಲಿ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಮಾತ್ರ ಯಾವುದನ್ನೂ ಮುಟ್ಟದೆ ಪಶುವೈದ್ಯ ಇಲಾಖೆಗೆ ತಿಳಿಸಿ.

ತೆಗೆದ ಗೂಡನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಕಡುಬಿಸಿಲಿಗೆ ಇಡಿ. ಆಮೇಲೆ ಪ್ಲಾಸ್ಟಿಕ್ ಬೇರ್ಪಡಿಸಿ ಉಳಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಗೂಡಿನ ಕಸವನ್ನು ಮರದ ಬುಡದಲ್ಲೇ ಸುರಿದರೆ ನುಸಿ ಮತ್ತೆ ಹತ್ತಿಕೊಂಡು ಮೇಲೆ ಹೋಗುತ್ತದೆ.

ತೊಳೆಯುವುದು

ಮೂಲೆಗಳಲ್ಲಿ ಅಂಟಿದ ಹಿಕ್ಕೆಯನ್ನು ತಗಡಿನಿಂದ ಕೆರೆಯಿರಿ, ಸಂದಿಗಳನ್ನು ಬ್ರಷ್ಷಿನಿಂದ ತಿಕ್ಕಿರಿ. ನಂತರ ಕುದಿಯುವ ನೀರನ್ನು ಒಳಗಿನ ನಾಲ್ಕೂ ಗೋಡೆಗೆ, ಅದರಲ್ಲೂ ಹಲಗೆ ಕೂಡುವ ಸಂದುಗಳಿಗೆ ಮತ್ತು ಮುಚ್ಚಳದ ಕೆಳಬದಿಗೆ ನಿಧಾನವಾಗಿ ಸುರಿಯಿರಿ. ನುಸಿ, ಚಿಗಟ, ಅವುಗಳ ಮೊಟ್ಟೆ ಎಲ್ಲದಕ್ಕೂ ಅದೊಂದೇ ಸಾಕು. ಸ್ನಾನಕ್ಕೆ ಕಾಯಿಸಿದ ಬಿಸಿನೀರು ಸಾಲದು, ಮರಳುತ್ತಿರುವ ನೀರೇ ಬೇಕು. ಎರಡು ಸಲ ಸುರಿದರೆ ಇನ್ನೂ ಒಳ್ಳೆಯದು.

ಫಿನಾಯಿಲ್, ಸೀಮೆಎಣ್ಣೆ, ನುಸಿಗುಳಿಗೆ, ಜಿರಲೆ ಸ್ಪ್ರೇ ಯಾವುದೂ ಬೇಡ. ಕೆಲವರು ಗೆದ್ದಲಿನ ಔಷಧವನ್ನೇ ಬಳಿಯುತ್ತಾರೆ! ಗೇಣಗಲದ ಮುಚ್ಚಿದ ಪೆಟ್ಟಿಗೆಯಲ್ಲಿ, ಮೈಮೇಲೆ ಪುಕ್ಕವೂ ಮೂಡದ ಮರಿ ಎರಡು ವಾರ ಅದರ ಆವಿಯನ್ನೇ ಉಸಿರಾಡಬೇಕು. ಒಳಗೆ ಮರಿಗಳು ಸತ್ತಿದ್ದ ಪೆಟ್ಟಿಗೆಗೆ ಮಾತ್ರ ನಾನು ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ತಣ್ಣೀರು ಬೆರೆಸಿ ಒರೆಸಿ, ವಾಸನೆ ಹೋಗುವ ತನಕ ತೊಳೆಯುತ್ತೇನೆ.

ಇದೆಲ್ಲ ಗಟ್ಟಿ ಮರದ ಹಲಗೆಯ ಮಾತು. ಅಗ್ಗದ ಪ್ಲೈವುಡ್ ಕುದಿನೀರಿಗೆ ಪದರ ಬಿಡುತ್ತದೆ. ಅದಕ್ಕೆ ಒದ್ದೆ ಬ್ರಷ್ ಮತ್ತು ಎರಡು ಮೂರು ದಿನದ ಬಿಸಿಲೇ ಗತಿ. ಮಡಕೆ, ಕುಡಿಕೆಯ ಗೂಡಿಗೆ ಒಮ್ಮೆಲೇ ಕುದಿನೀರು ಹಾಕಿದರೆ ಬಿರುಕು ಬಿಡಬಹುದು, ಮೊದಲು ಉಗುರುಬೆಚ್ಚಗಿನ ನೀರು ಹಾಕಿ. ಹಂಚಿಕೆಯಲ್ಲಿ ಬರುವ ರಟ್ಟಿನ ಪೆಟ್ಟಿಗೆಯನ್ನು ತೊಳೆಯುವ ಪ್ರಶ್ನೆಯೇ ಇಲ್ಲ. ಒಂದು ಸಂಸಾರ ಮುಗಿದ ಮೇಲೆ ಅದನ್ನು ಬಿಸಾಡಿ ಮರದ್ದು ಕಟ್ಟಿ. ಮುಚ್ಚಳವೇ ತೆರೆಯಲಾಗದಂತೆ ಮೊಳೆ ಹೊಡೆದ ಪೆಟ್ಟಿಗೆಗಳೂ ಮಾರಾಟಕ್ಕಿವೆ, ಕೊಳ್ಳುವಾಗಲೇ ನೋಡಿಕೊಳ್ಳಿ.

ತೊಳೆದದ್ದನ್ನು ತೆರೆದ ಬಾಯಿ ಸೂರ್ಯನಿಗೆ ಬರುವಂತೆ ಇಟ್ಟು ಪೂರ್ತಿ ಒಣಗಿಸಿ. ಕೈಗೆ ಒಣಗಿದಂತೆ ಅನಿಸಿದರೂ ಮರದೊಳಗೆ ತೇವ ಉಳಿದಿರುತ್ತದೆ, ಇನ್ನೂ ಒಂದು ದಿನ ಬಿಡಿ. ನೀವು ನೇರವಾಗಿ ಬಚ್ಚಲಿಗೆ ಹೋಗಿ, ಉಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ.

ದುರಸ್ತಿ

ಪೆಟ್ಟಿಗೆ ಕೈಯಲ್ಲಿರುವಾಗಲೇ ಇದನ್ನು ಮುಗಿಸಬೇಕು. ತಳದ ನಾಲ್ಕು ಮೂಲೆಯ ಸಣ್ಣ ತೂತುಗಳು ಕಟ್ಟಿಕೊಂಡಿದ್ದರೆ ಮೊಳೆಯಿಂದ ಬಿಡಿಸಿ, ಇಲ್ಲದಿದ್ದರೆ ಮಳೆನೀರು ಒಳಗೇ ನಿಲ್ಲುತ್ತದೆ. ಗುಬ್ಬಚ್ಚಿಯ ಬಾಗಿಲು 32 ಮಿಲಿಮೀಟರ್ ಇರಬೇಕು, ಚೇಕಡಿಗೆ 28 ಸಾಕು. ಅಳಿಲು ಇದನ್ನು ಕಡಿದು ಅಗಲ ಮಾಡಿರುತ್ತದೆ. ಅಷ್ಟೇ ಅಳತೆಯ ತೂತು ಕೊರೆದ ತಗಡನ್ನು ಹೊರಗಿನಿಂದ ಹೊಡೆದು, ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ. ತೂತಿನ ಕೆಳಗೆ ಚೆಂದಕ್ಕೆಂದು ಸಿಕ್ಕಿಸಿದ ಕೂರುಕಡ್ಡಿ ಇದ್ದರೆ ಕಿತ್ತುಹಾಕಿ. ಹಕ್ಕಿಗೆ ಅದು ಬೇಡ, ಕಾಗೆಗೆ ಅದೇ ಪೀಠ. ಬಣ್ಣ ಬಳಿಯುವುದಾದರೆ ಹೊರಗೆ ಮಾತ್ರ, ಅದೂ ವಾಸನೆ ಪೂರ್ತಿ ಹೋಗಲು ವಾರಗಳ ಬಿಡುವಿದ್ದರೆ.

ಮತ್ತೆ ಕಟ್ಟುವಾಗ ತೂತು ಪೂರ್ವಕ್ಕೋ ಈಶಾನ್ಯಕ್ಕೋ ಇರಲಿ. ಮುಂಗಾರಿನ ಎರಚಲು ನೈಋತ್ಯದಿಂದ ಬರುತ್ತದೆ, ಮಧ್ಯಾಹ್ನದ ಬಿಸಿಲು ಪಶ್ಚಿಮದಿಂದ. ಎರಡೂವರೆ ಮೂರು ಮೀಟರ್ ಎತ್ತರ, ತುಸು ಮುಂದಕ್ಕೆ ಬಾಗಿದಂತೆ. ಒಳಗೆ ಹುಲ್ಲು, ಹತ್ತಿ ತುಂಬಬೇಡಿ, ಅದು ಹಕ್ಕಿಯ ಕೆಲಸ. ಹಾಲಕ್ಕಿಯ ಪೆಟ್ಟಿಗೆ ಮಾತ್ರ ಅಪವಾದ: ಅದು ಹಾಸಿಗೆ ಹಾಸಿಕೊಳ್ಳದ ಕಾರಣ ತಳದಲ್ಲಿ ಎರಡು ಬೆರಳಷ್ಟು ಒರಟು ಮರದ ಹೊಟ್ಟು ಹರಡಿ.

ಒಣಗಿದ ಪೆಟ್ಟಿಗೆಯನ್ನು ‘ಮುಂದಿನ ಮಾರ್ಚಿಗೆ ಕಟ್ಟಿದರಾಯಿತು’ ಎಂದು ಅಟ್ಟಕ್ಕೆ ಹಾಕಬೇಡಿ. ಧನುರ್ಮಾಸದ ಚಳಿಯಲ್ಲಿ ಅದರೊಳಗೆ ಮಲಗಲು ಬರುವವರಿರುತ್ತಾರೆ. ಹೋದ ವರ್ಷ ನಾನು ಮಾವಿನ ಮರದ ಪೆಟ್ಟಿಗೆಯನ್ನು ವಿಜಯದಶಮಿಯ ಮರುದಿನ ಕಟ್ಟಿದೆ. ಮುಚ್ಚಳದ ಒಳಬದಿಯಲ್ಲಿ ಸೀಸದಕಡ್ಡಿಯಿಂದ ದಿನಾಂಕವನ್ನೂ ಒಳಗೆ ಸಿಕ್ಕಿದ್ದನ್ನೂ ಬರೆದಿಡುತ್ತೇನೆ. ಅಲ್ಲಿ ಈಗ ಇರುವ ಸಾಲು: ‘ಪಾಚಿ, ನಾಯಿಕೂದಲು, ಮೊಟ್ಟೆ ಇಲ್ಲ, ಹಲ್ಲಿ ಮೊಟ್ಟೆ ಎರಡು, ಹಾಗೇ ಬಿಟ್ಟಿದೆ.’